ಮಂಡ್ಯದ ಮೊಮ್ಮಗಳು ಈಜಿಪ್ಟಿನ ವಕೀಲಿಕೆ ಮಾಡಿದ್ದು

ರಾತ್ರಿ ಎಂಟೂವರೆ ಇರಬೇಕು. ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಊಟ ಮುಗಿಸಿ ಮಜ್ಜಿಗೆ ಲೋಟ ಹಿಡಿದು ಕೂತಿದ್ದೆ. ಮೊಮ್ಮಗಳ ಫೋನು ಬಂತು. ಅವಳು ವಾಷಿಂಗ್ಟನ್ನಿಗೆ ಹೋಗಿ ಎರಡೇ ದಿನವಾಗಿತ್ತು.

"ತಾತ, ಮೋಸ ಆಗೋಯ್ತು. ನಾನು ಇಥಿಯೋಪಿಯಾ ಬೇಕು ಅಂತ ಬರೆದುಕೊಟ್ಟಿದ್ದೆ. ನಂಗೆ ಈಜಿಪ್ಟ್ ಬಂದಿದೆ!"

ನನಗೆ ತಲೆಬುಡ ತಿಳಿಯಲಿಲ್ಲ. ದೇಶವನ್ನೂ ಸಿನಿಮಾ ಟಿಕೆಟ್ಟಿನಂತೆ ಹಂಚುತ್ತಾರೆಯೇ ಎಂದು ಕೇಳಿದೆ. ಆಗ ಅವಳು ವಿವರಿಸಿದಳು. ಅವಳಿಗೆ ಹದಿನಾರು ವರ್ಷ. ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಾಳೆ. 2024ರ ಜುಲೈ ತಿಂಗಳ ಬೇಸಿಗೆ ರಜೆಯಲ್ಲಿ, ವಾಷಿಂಗ್ಟನ್ನಿನ ಒಂದು ವಿಶ್ವವಿದ್ಯಾಲಯ ಹೈಸ್ಕೂಲು ಮಕ್ಕಳಿಗಾಗಿ ನಡೆಸುವ ಅಂತರರಾಷ್ಟ್ರೀಯ ಸಂಬಂಧಗಳ ಶಿಬಿರಕ್ಕೆ ಸೇರಿದ್ದಳು. ಕೊನೆಯ ಮೂರು ದಿನ ಅಣಕು ಮಾತುಕತೆ. ವಿಷಯ ನೈಲ್ ನದಿಯ ನೀರು. ಮಕ್ಕಳಲ್ಲಿ ಕೆಲವರು ಇಥಿಯೋಪಿಯಾ, ಕೆಲವರು ಈಜಿಪ್ಟ್, ಕೆಲವರು ಸುಡಾನ್, ಇನ್ನು ಕೆಲವರು ಮಧ್ಯಸ್ಥರು.

ಅವಳು ಇಥಿಯೋಪಿಯಾ ಕೇಳಿದ್ದೇಕೆಂದು ನನಗೆ ಆಮೇಲೆ ಹೊಳೆಯಿತು. ಇಥಿಯೋಪಿಯಾ ನದಿಯ ಮೇಲಿನ ದೇಶ. ಅಣೆಕಟ್ಟು ಕಟ್ಟಿದ ದೇಶ. ನಾವು ಮಂಡ್ಯದವರು, ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರು. ಆ ಹುಡುಗಿ ಮಂಡ್ಯದಲ್ಲಿ ಹುಟ್ಟಿದವಳಲ್ಲ. ಆದರೆ ಹಿಂದಿನ ವರ್ಷ, 2023ರಲ್ಲಿ ಮಳೆ ಕೈಕೊಟ್ಟು ಕಾವೇರಿ ಗಲಾಟೆ ಎದ್ದಾಗ ನಾನು ಫೋನಿನಲ್ಲಿ ಆಡಿದ ಮಾತುಗಳನ್ನೆಲ್ಲ ಕೇಳಿಸಿಕೊಂಡಿದ್ದಳು. ಮೇಲಿನವರ ವಾದ ಅವಳಿಗೆ ಬಾಯಿಪಾಠ. ಈಗ ನೋಡಿದರೆ ಕೆಳಗಿನವರ ಪರವಾಗಿ ನಿಲ್ಲಬೇಕು.

ಏನಿದು ಶಿಬಿರ?

ನಮ್ಮ ಕಾಲದಲ್ಲಿ ಬೇಸಿಗೆ ರಜೆ ಎಂದರೆ ಅಜ್ಜಿ ಮನೆ, ಮಾವಿನಕಾಯಿ, ಕೆರೆಯಲ್ಲಿ ಈಜು. ಈಗ ನಮ್ಮೂರಲ್ಲೂ ಬೇಸಿಗೆ ಶಿಬಿರಗಳಿವೆ. ಅಮೆರಿಕದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳೇ ರಜೆಯಲ್ಲಿ ಖಾಲಿ ಬಿದ್ದ ತರಗತಿ, ಹಾಸ್ಟೆಲುಗಳನ್ನು ಹೈಸ್ಕೂಲು ಮಕ್ಕಳಿಗೆ ತೆರೆದಿಡುತ್ತವೆ. ಒಂದು ವಾರ, ಎರಡು ವಾರ, ಕೆಲವು ಕಡೆ ಇನ್ನೂ ಹೆಚ್ಚು. ವಿಜ್ಞಾನ, ವೈದ್ಯಕೀಯ, ಕಾನೂನು ಹೀಗೆ ಹಲವು ವಿಷಯ. ಅದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳೂ ಒಂದು.

ಈ ವಿಷಯಕ್ಕೆ ವಾಷಿಂಗ್ಟನ್ನಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಅಲ್ಲಿನ ಮ್ಯಾಸಚೂಸೆಟ್ಸ್ ಅವೆನ್ಯೂ ಎಂಬ ರಸ್ತೆಯಲ್ಲಿ ನಡೆದರೆ ಸಾಲುಸಾಲಾಗಿ ನಾನಾ ದೇಶಗಳ ರಾಯಭಾರ ಕಚೇರಿಗಳು. ನಮ್ಮ ಭಾರತದ್ದೂ ಅಲ್ಲೇ ಇದೆ. ಎದುರಿಗೆ ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿಯ ಪ್ರತಿಮೆ ಇದೆ. 2000ದ ಸೆಪ್ಟೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಹೋಗಿದ್ದಾಗ ಅನಾವರಣವಾದದ್ದು. ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಕಚೇರಿಗಳೂ ಅದೇ ಊರಿನಲ್ಲಿವೆ. ಮೊಮ್ಮಗಳನ್ನು ಬಿಡಲು ಹೋದಾಗ ನಾನು, ನನ್ನ ಹೆಂಡತಿ ಗಾಂಧಿ ಪ್ರತಿಮೆಗೆ ಕೈಮುಗಿದು ಬಂದೆವು. ವಿಶ್ವಬ್ಯಾಂಕಿನ ಕಟ್ಟಡವನ್ನು ನಾನು ಸ್ವಲ್ಪ ಹೊತ್ತು ಹೆಚ್ಚೇ ನೋಡಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಅದೂ ಒಂದು ಹೆಡ್ಡಾಫೀಸೇ ತಾನೇ!

ಶಿಬಿರದ ದಿನಚರಿ ಹೀಗಿತ್ತು. ಬೆಳಿಗ್ಗೆ ಪ್ರಾಧ್ಯಾಪಕರ ಪಾಠ. ಯುದ್ಧಗಳು ಏಕೆ ಆಗುತ್ತವೆ, ವಿಶ್ವಸಂಸ್ಥೆ ಏನು ಮಾಡಬಲ್ಲದು, ಏನು ಮಾಡಲಾರದು, ವ್ಯಾಪಾರ ಒಪ್ಪಂದ, ನಿರಾಶ್ರಿತರು, ಹವಾಮಾನ. ಮಧ್ಯಾಹ್ನ ಹತ್ತು ಹದಿನೈದು ಮಕ್ಕಳ ಸಣ್ಣ ಗುಂಪಿನಲ್ಲಿ ಚರ್ಚೆ. ಕೆಲವು ದಿನ ಯಾವುದಾದರೂ ರಾಯಭಾರ ಕಚೇರಿಗೋ ಸಂಸ್ಥೆಗೋ ಭೇಟಿ. ಸಂಜೆ ಓದು. ಪರೀಕ್ಷೆ ಇಲ್ಲ, ಅಂಕವಿಲ್ಲ. ಆದರೆ ಮೊಮ್ಮಗಳು ಪರೀಕ್ಷೆಗಿಂತ ಹೆಚ್ಚು ಓದಿದಳೆಂದು ಅವಳಮ್ಮನ ಅಂಬೋಣ.

ಲೆಡ್ಜರಿನ ಎರಡು ಕಡೆ

ಅಂತರರಾಷ್ಟ್ರೀಯ ಸಂಬಂಧಗಳು ಎಂಬುದು ಬಹಳ ಹಳೆಯ ಶಾಸ್ತ್ರವಲ್ಲ. ರಾಜರಾಜರ ನಡುವೆ ಸಂಧಿ ವಿಗ್ರಹಗಳು ಹಿಂದಿನಿಂದಲೂ ಇದ್ದವು. ಕೌಟಿಲ್ಯನೂ ಅದನ್ನು ಬರೆದಿದ್ದಾನೆ. ಆದರೆ ವಿಶ್ವವಿದ್ಯಾಲಯದಲ್ಲಿ ಒಂದು ಪ್ರತ್ಯೇಕ ವಿಷಯವಾಗಿ ಅದು ಹುಟ್ಟಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1919ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಬೆರಿಸ್ಟ್ವಿತ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ ಇದಕ್ಕಾಗಿ ಒಂದು ಪೀಠ ಸ್ಥಾಪನೆಯಾಯಿತು. ಅದೇ ವರ್ಷ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ವಿದೇಶಾಂಗ ಸೇವೆಯ ಶಾಲೆ ಆರಂಭವಾಯಿತು. ಲಕ್ಷಾಂತರ ಹುಡುಗರನ್ನು ಕಂದಕಗಳಲ್ಲಿ ಕಳೆದುಕೊಂಡವರು, ಇಂಥದ್ದು ಮತ್ತೆ ಆಗಬಾರದಾದರೆ ದೇಶದೇಶಗಳ ನಡುವಿನ ವ್ಯವಹಾರವನ್ನು ಕುಳಿತು ಕಲಿಯಬೇಕು ಎಂದುಕೊಂಡರು. ಅದಾದ ಇಪ್ಪತ್ತೇ ವರ್ಷಕ್ಕೆ ಎರಡನೆಯ ಯುದ್ಧ ಬಂತು, ಅದು ಬೇರೆ ಮಾತು. ಕಲಿಕೆ ಮಾತ್ರ ನಿಲ್ಲಲಿಲ್ಲ.

ನಾನು ಬಿ.ಕಾಂ. ಓದಿದವನು. ನನಗೆ ಇದೆಲ್ಲ ಅರ್ಥವಾದದ್ದು ನನ್ನ ಲೆಕ್ಕದ ಪುಸ್ತಕದ ಮೂಲಕ. ನೀವು ಬ್ಯಾಂಕಿಗೆ ಬಂದು ಸಾವಿರ ರೂಪಾಯಿ ಕಟ್ಟುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ನಿಮ್ಮ ಆಸ್ತಿ. ನಮ್ಮ ಪುಸ್ತಕದಲ್ಲಿ ಅದು ಸಾಲ. ನಿಮಗೆ ನಾವು ಕೊಡಬೇಕಾದ ಹಣ. ಸಾವಿರ ರೂಪಾಯಿ ಒಂದೇ, ಬರೆಯುವ ಕಡೆ ಬೇರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಇದರಲ್ಲೇ ಮೊದಲು ಎಡವುತ್ತಿದ್ದರು. ಎದುರಿನವನ ಪುಸ್ತಕದಲ್ಲಿ ಇದು ಹೇಗೆ ಬರೆದಿರುತ್ತದೆ ಎಂದು ಯೋಚಿಸುವ ಅಭ್ಯಾಸ ಬಂದ ಮೇಲೆ ಎಲ್ಲ ಸರಾಗ. ಮೊಮ್ಮಗಳಿಗೂ ಫೋನಿನಲ್ಲಿ ಇದನ್ನೇ ಹೇಳಿದೆ. "ಅದು ಸರಿ ತಾತ, ಆದ್ರೆ ನದೀನ ಯಾವ ಕಾಲಮ್ಮಿಗೆ ಬರೀತೀರಾ?" ಎಂದಳು.

ನೈಲ್ ನದಿಯ ಜಗಳ

ನೈಲ್ ನದಿ ಸುಮಾರು 6,650 ಕಿಲೋಮೀಟರ್ ಉದ್ದ. ಅದರ ಜಲಾನಯನ ಪ್ರದೇಶ ಹನ್ನೊಂದು ದೇಶಗಳಲ್ಲಿ ಹಬ್ಬಿದೆ. ಬಿಳಿ ನೈಲ್, ನೀಲಿ ನೈಲ್ ಎಂಬ ಎರಡು ದೊಡ್ಡ ಕವಲುಗಳು ಸುಡಾನಿನ ಖಾರ್ಟೂಮ್ ನಗರದ ಬಳಿ ಸೇರುತ್ತವೆ. ನೀಲಿ ನೈಲ್ ಹುಟ್ಟುವುದು ಇಥಿಯೋಪಿಯಾದ ಬೆಟ್ಟಗಳಲ್ಲಿ, ತಾನಾ ಸರೋವರದಿಂದ. ಈಜಿಪ್ಟ್ ತಲುಪುವ ನೀರಿನಲ್ಲಿ ನೂರಕ್ಕೆ ಸುಮಾರು 85 ಪಾಲು ಇಥಿಯೋಪಿಯಾದ ಬೆಟ್ಟಗಳಿಂದ ಬಂದದ್ದು.

ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಕೈರೋ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 25 ಮಿಲಿಮೀಟರ್ ಆಸುಪಾಸು. ನಮ್ಮ ಮಂಡ್ಯವನ್ನು ಮಳೆ ಕಡಿಮೆಯ ಊರು ಎನ್ನುತ್ತೇವೆ. ನಮ್ಮಲ್ಲಿ ಸುಮಾರು 700 ಮಿಲಿಮೀಟರ್ ಬೀಳುತ್ತದೆ! ಹತ್ತು ಕೋಟಿಗೂ ಹೆಚ್ಚು ಜನ ಆ ಒಂದು ನದಿಯ ದಡಕ್ಕೆ ಅಂಟಿಕೊಂಡು ಬದುಕಿದ್ದಾರೆ. ನೀರಿನ ಬಗ್ಗೆ ಬ್ರಿಟನ್ ಜೊತೆ ಈಜಿಪ್ಟ್ 1929ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. 1959ರಲ್ಲಿ ಸುಡಾನ್ ಜೊತೆ ಇನ್ನೊಂದು. ಅದರ ಪ್ರಕಾರ ವರ್ಷಕ್ಕೆ ಈಜಿಪ್ಟಿಗೆ 55.5 ಶತಕೋಟಿ ಘನಮೀಟರ್, ಸುಡಾನಿಗೆ 18.5 ಶತಕೋಟಿ ಘನಮೀಟರ್. ಇಥಿಯೋಪಿಯಾಕ್ಕೆ? ಅದನ್ನು ಯಾರೂ ಮಾತುಕತೆಗೆ ಕರೆದೇ ಇರಲಿಲ್ಲ.

ಇಥಿಯೋಪಿಯಾದಲ್ಲಿ ಕೋಟ್ಯಂತರ ಜನರ ಮನೆಗೆ ವಿದ್ಯುತ್ ಇರಲಿಲ್ಲ. 2011ರ ಏಪ್ರಿಲ್‌ನಲ್ಲಿ ಅದು ನೀಲಿ ನೈಲ್‌ಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಶುರುಮಾಡಿತು. ಸುಮಾರು 145 ಮೀಟರ್ ಎತ್ತರ, 74 ಶತಕೋಟಿ ಘನಮೀಟರ್ ಸಂಗ್ರಹ. ನಮ್ಮ ಲೆಕ್ಕಕ್ಕೆ ತಂದರೆ 2,600 ಟಿಎಂಸಿ ಅಡಿ. ಕೆಆರ್‌ಎಸ್ ಜಲಾಶಯದ ಐವತ್ತಕ್ಕೂ ಹೆಚ್ಚು ಪಟ್ಟು. ಬ್ಯಾಂಕಿನವನಾದ ನನಗೆ ಹೆಚ್ಚು ಹಿಡಿಸಿದ ಸಂಗತಿ ಎಂದರೆ ಇದಕ್ಕೆ ಹಣ ಕೂಡಿಸಿದ ರೀತಿ. ಸರ್ಕಾರ ಬಾಂಡುಗಳನ್ನು ಹೊರಡಿಸಿತು. ಸರ್ಕಾರಿ ನೌಕರರು ಸಂಬಳದಿಂದ ಕೊಟ್ಟರು, ಸಾಮಾನ್ಯ ಜನ ಕೊಂಡರು. ಹೀಗೆ ಕಟ್ಟಿದ ಅಣೆಕಟ್ಟಿನ ಮೇಲೆ ಜನಕ್ಕೆ ಎಷ್ಟು ಅಭಿಮಾನ ಇರುತ್ತದೆಂದು ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ.

ಅಣಕು ಮಾತುಕತೆ ನಡೆದದ್ದು 2019ರ ಕೊನೆಯಲ್ಲಿ ವಿಷಯ ಎಲ್ಲಿ ನಿಂತಿತ್ತೋ ಅಲ್ಲಿಂದ. ಆಗ ನಿಜವಾಗಿಯೂ ಮೂರು ದೇಶದವರು ವಾಷಿಂಗ್ಟನ್ನಿನಲ್ಲಿ ಸೇರಿದ್ದರು. ಅಮೆರಿಕದ ಹಣಕಾಸು ಇಲಾಖೆ ಮತ್ತು ವಿಶ್ವಬ್ಯಾಂಕ್ ಜೊತೆಗಿದ್ದವು. ತಿಂಗಳುಗಟ್ಟಲೆ ಮಾತು ನಡೆದು, 2020ರ ಫೆಬ್ರವರಿ ಕೊನೆಯ ಸಭೆಗೆ ಇಥಿಯೋಪಿಯಾದವರು ಬರಲೇ ಇಲ್ಲ. ದೊಡ್ಡವರು ಮುಗಿಸಲಾಗದ್ದನ್ನು ಮಕ್ಕಳ ಮುಂದೆ ಇಟ್ಟಿದ್ದರು.

ಎರಡನೆಯ ಫೋನು

ಮೊದಲ ದಿನದ ಸಭೆ ಮುಗಿಸಿ ಮೊಮ್ಮಗಳು ಮತ್ತೆ ಫೋನು ಮಾಡಿದಳು. ದನಿ ಇಳಿದಿತ್ತು. ಅವಳು ಎದ್ದು ನಿಂತು 1959ರ ಒಪ್ಪಂದ ಓದಿದಳಂತೆ. ಎದುರಿಗೆ ಇಥಿಯೋಪಿಯಾದ ಪರ ಕೂತಿದ್ದ ಟೆಕ್ಸಾಸಿನ ಹುಡುಗ, "ಆ ಕಾಗದದ ಮೇಲೆ ನಮ್ಮ ಸಹಿ ಎಲ್ಲಿದೆ, ತೋರಿಸಿ" ಎಂದನಂತೆ. ಇವಳಿಗೆ ಉತ್ತರವಿಲ್ಲ.

"ತಾತ, ಅವನು ಹೇಳಿದ್ದು ನೀವು ಹೇಳೋ ತರಾನೇ ಇತ್ತು. 1924ರ ಒಪ್ಪಂದ ಬ್ರಿಟಿಷರು ನಮ್ಮ ಮೇಲೆ ಹೇರಿದ್ದು ಅಂತೀರಲ್ಲ, ಹಾಗೇ. ನಾನು ಈಜಿಪ್ಟಿನ ಕಡೆಯಿಂದ ಏನು ಹೇಳಲಿ? ಕೆಳಗಿನವರಿಗೆ ಹೇಗನ್ಸುತ್ತೆ? ನಿಮಗೆ ತಂಜಾವೂರಿನ ಕಡೆಯವರು ಯಾರಾದ್ರೂ ಗೊತ್ತಿದ್ರಾ?"

ಗೊತ್ತಿದ್ದರು. ಅವರ ವಿಷಯ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಮೊಮ್ಮಗಳಿಗೆ ಹೇಳಿದೆ.

ಮಂಡ್ಯ ಜಿಲ್ಲೆಯ ನಮ್ಮ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬರು ಕ್ಯಾಷಿಯರ್ ಇದ್ದರು. ತಂಜಾವೂರು ಜಿಲ್ಲೆಯ ರೈತರ ಮನೆಯವರು. ಕನ್ನಡ ನಮಗಿಂತ ಚೆನ್ನಾಗಿ ಆಡುತ್ತಿದ್ದರು, ಬರೆಯುತ್ತಿರಲಿಲ್ಲ. ಒಂಬತ್ತು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ಜೂನ್ ಬಂತೆಂದರೆ ನಾನು ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಎಷ್ಟಾಯಿತೆಂದು ನೋಡುತ್ತಿದ್ದೆ. ತುಂಬಿದರೆ 124.80 ಅಡಿ. ಅವರು ಇಂಗ್ಲಿಷ್ ಪತ್ರಿಕೆ ತಿರುಗಿಸಿ ಮೆಟ್ಟೂರಿನ ಮಟ್ಟ ಹುಡುಕುತ್ತಿದ್ದರು. ತುಂಬಿದರೆ 120 ಅಡಿ. ಜೂನ್ 12ಕ್ಕೆ ಮೆಟ್ಟೂರಿನಿಂದ ನೀರು ಬಿಟ್ಟರೆ ಕುರುವೈ ಭತ್ತದ ಬೆಳೆ ಆಗುತ್ತದೆ, ತಡವಾದರೆ ಇಲ್ಲ ಎಂದು ಒಮ್ಮೆ ಹೇಳಿದ್ದರು. ನಾನು ಹೂಂ ಎಂದು ರೊಕ್ಕದ ಕಟ್ಟು ಎಣಿಸಿದೆ. ಅವರ ಅಪ್ಪನಿಗೆ ಎಷ್ಟು ಜಮೀನಿದೆ, ನೀರು ಯಾವ ಕಾಲುವೆಯದು ಎಂದು ಒಂಬತ್ತು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಸಿಗುವಂತೆ ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ಜನ ಕೆರಳಿದರು. ನಾನೂ ಕೆರಳಿದೆ, ನಮ್ಮ ಗದ್ದೆಗೂ ಅದೇ ನೀರು. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ಗಲಭೆಯಾಗಿ ತಮಿಳು ಮಾತಾಡುವ ಎಷ್ಟೋ ಬಡವರು ಮನೆ ಬಿಟ್ಟು ಓಡಿದರು. ನಮ್ಮ ಶಾಖೆಗೆ ಯಾರೂ ಕಲ್ಲೆಸೆಯಲಿಲ್ಲ. ಅಲ್ಲಿ ಆದದ್ದು ಬೇರೆ ರೀತಿಯದು. ಕ್ಯಾಷಿಯರ್ ಕೂತಿದ್ದ ಕಡೆ ಮಾತು ನಿಂತುಹೋಯಿತು. ಕಾಫಿಗೆ ನಾಲ್ಕು ಜನ ಹೋಗುತ್ತಿದ್ದವರು ಮೂವರು ಹೋದೆವು. ಅವರು ವರ್ಗಕ್ಕೆ ಅರ್ಜಿ ಹಾಕಿದರು. ಕೊನೆಯ ದಿನ ಬೀಗದ ಕೈ ಒಪ್ಪಿಸಿ ಸಹಿ ಮಾಡಿ, "ಬರ್ತೀನಿ ಸಾರ್" ಎಂದರು. ನಾನು ಲೆಡ್ಜರಿನಿಂದ ತಲೆ ಎತ್ತಿ "ಆಯ್ತು" ಎಂದೆ. ಬಸ್ ಸ್ಟ್ಯಾಂಡು ಅಲ್ಲಿಂದ ಐದು ನಿಮಿಷದ ದಾರಿ. ಹೋಗಲಿಲ್ಲ.

ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಜೂನ್ 12ಕ್ಕೆ ನೀರು ಬರುತ್ತೋ ಇಲ್ವೋ ಅಂತ ಗೊತ್ತಿರ್ತಿರಲಿಲ್ಲ ಅಲ್ವಾ ಅವರಪ್ಪನಿಗೆ?" ಎಂದು ಕೇಳಿದಳು. ಗೊತ್ತಿರುತ್ತಿರಲಿಲ್ಲ ಎಂದೆ. "ಸಾಕು ತಾತ" ಎಂದು ಫೋನಿಟ್ಟಳು.

ಕೊನೆಯ ದಿನ ಏನಾಯಿತು

ಮರುದಿನ ಅವಳು ಒಪ್ಪಂದದ ಕಾಗದವನ್ನು ಮೇಜಿನ ಮೇಲೇ ಇಡಲಿಲ್ಲವಂತೆ. ಟೆಕ್ಸಾಸಿನ ಹುಡುಗನಿಗೆ ಒಂದು ಪ್ರಶ್ನೆ ಕೇಳಿದಳು: ನಿಮಗೆ ಬೇಕಾದದ್ದು ನೀರೋ ವಿದ್ಯುತ್ತೋ?

ಪ್ರಶ್ನೆಯಲ್ಲಿ ಹುರುಳಿತ್ತು. ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು ನೀರನ್ನು ಕುಡಿದುಬಿಡುವುದಿಲ್ಲ. ಟರ್ಬೈನು ತಿರುಗಿಸಿದ ನೀರು ಕೆಳಗೆ ಹರಿದೇ ಹೋಗಬೇಕು, ಹರಿಯದಿದ್ದರೆ ವಿದ್ಯುತ್ತಿಲ್ಲ. ನಮ್ಮ ಶಿವನಸಮುದ್ರದಲ್ಲಿ 1902ರಿಂದಲೂ ಹಾಗೆಯೇ ನಡೆದಿದೆ. ಹಾಗಾದರೆ ಈಜಿಪ್ಟಿನ ಭಯ ಏನು? ಎರಡು. ಮೊದಲ ಸಲ ಜಲಾಶಯ ತುಂಬಿಸುವ ವರ್ಷಗಳಲ್ಲಿ ಕೆಳಗೆ ಬರುವ ನೀರು ಕಡಿಮೆಯಾಗುತ್ತದೆ. ಮತ್ತು ಬರಗಾಲ ಒಂದರ ಹಿಂದೆ ಒಂದು ಬಂದರೆ ಮೇಲಿನವರು ನೀರು ಹಿಡಿದಿಟ್ಟುಕೊಳ್ಳುತ್ತಾರೆ. ಇಥಿಯೋಪಿಯಾದ ಭಯವೇನು? ಇಂದು ಒಂದು ಅಂಕಿಗೆ ಸಹಿ ಹಾಕಿದರೆ ನಾಳೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ತಮ್ಮದೇ ನದಿಯಲ್ಲಿ ತಮಗೆ ಹಕ್ಕಿಲ್ಲದಂತಾಗುತ್ತದೆ. ಎರಡೂ ಕಡೆಯವರ ಭಯವನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದರಂತೆ. ಬರೆದ ಮೇಲೆ ಕೂಗಾಟ ಕಡಿಮೆಯಾಯಿತು.

ಎರಡು ವಿಷಯಕ್ಕೆ ಒಪ್ಪಿದರು. ಜಲಾಶಯದ ಮಟ್ಟ, ಒಳಹರಿವಿನ ಅಂಕಿಗಳನ್ನು ಪ್ರತಿದಿನ ಕೆಳಗಿನವರಿಗೆ ಕಳಿಸುವುದು. ಮಳೆ ಕಡಿಮೆಯಾದ ವರ್ಷ ತುಂಬಿಸುವುದನ್ನು ನಿಧಾನ ಮಾಡುವುದು. ಎಷ್ಟು ನಿಧಾನ, ಬರಗಾಲವೆಂದು ತೀರ್ಮಾನಿಸುವವರು ಯಾರು, ತಕರಾರಾದರೆ ಯಾರ ಮಾತು ಕೊನೆ ಎಂಬಲ್ಲಿ ಸಿಕ್ಕಿಬಿದ್ದರು. ಗಂಟೆ ಹೊಡೆಯಿತು. ಸಹಿಯಾಗಲಿಲ್ಲ.

"ಸೋತೆವು ತಾತ. ಆದ್ರೆ ಮೇಡಂ ಹೇಳಿದ್ರು, ನಿಜವಾದ ಮಾತುಕತೇನೂ ಇದೇ ಜಾಗದಲ್ಲಿ ಸಿಕ್ಕಿಹಾಕ್ಕೊಂಡಿತ್ತಂತೆ. ಮಳೆ ಬಂದ ವರ್ಷ ಯಾರೂ ಜಗಳ ಆಡಲ್ಲ ಅಲ್ವಾ?"

ಕಾವೇರಿಯ ಕಥೆಯೂ ಅದೇ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ 740 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಎಂದು ಹಂಚಿಕೊಟ್ಟಿದೆ. ಮಳೆ ಆದ ವರ್ಷ ಆ ಅಂಕಿಯ ನೆನಪೂ ಯಾರಿಗೂ ಬರುವುದಿಲ್ಲ. ಮಳೆ ಹೋದ ವರ್ಷ ಇರುವ ಕಷ್ಟವನ್ನು ಹೇಗೆ ಹಂಚಿಕೊಳ್ಳುವುದು ಎಂಬಲ್ಲಿ ರಸ್ತೆಗಿಳಿಯುತ್ತೇವೆ. 'ಸಂಕಷ್ಟ ಸೂತ್ರ' ಎಂದು ಪತ್ರಿಕೆಗಳು ಬರೆಯುವುದು ಇದನ್ನೇ.

ನೈಲ್ ವಿಷಯ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಇಥಿಯೋಪಿಯಾ 2020ರಲ್ಲೇ ಜಲಾಶಯ ತುಂಬಿಸಲು ಶುರುಮಾಡಿತು. 2025ರ ಸೆಪ್ಟೆಂಬರಿನಲ್ಲಿ ಅಣೆಕಟ್ಟಿನ ಉದ್ಘಾಟನೆಯೂ ಆಯಿತು.

ಎಂಟು ಮೊಮ್ಮಕ್ಕಳ ಹೆಸರು

ಮಾತುಕತೆಗಳು ಯಾವಾಗಲೂ ಹೀಗೇ ಮುರಿಯುತ್ತವೆ ಎಂದುಕೊಳ್ಳಬೇಡಿ. ಶಿಬಿರದ ಒಂದು ಪಾಠವನ್ನು ಮೊಮ್ಮಗಳು ನನಗೆ ಹೇಳಿದಳು. ಕೇಳಿ ನನ್ನ ಕಣ್ಣು ತೇವವಾಯಿತು.

ಈಜಿಪ್ಟ್ ಮತ್ತು ಇಸ್ರೇಲ್ ನಾಲ್ಕು ಯುದ್ಧ ಮಾಡಿದ್ದವು. 1978ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್, ಈಜಿಪ್ಟಿನ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಇಬ್ಬರನ್ನೂ ವಾಷಿಂಗ್ಟನ್ನಿನಿಂದ ನೂರು ಕಿಲೋಮೀಟರ್ ದೂರದ ಗುಡ್ಡಗಾಡಿನ ಕ್ಯಾಂಪ್ ಡೇವಿಡ್‌ಗೆ ಕರೆದರು. ಹದಿಮೂರು ದಿನ ಅಲ್ಲೇ ವಾಸ. ಇಬ್ಬರೂ ಎದುರೆದುರು ಕೂತರೆ ಜಗಳವಾಗುತ್ತಿತ್ತು. ಕಾರ್ಟರ್ ಈ ಕುಟೀರಕ್ಕೂ ಆ ಕುಟೀರಕ್ಕೂ ತಿರುಗಿ ತಾವೇ ಕರಡು ತಿದ್ದಿದರು. ಸಿನಾಯ್ ಮರುಭೂಮಿ ಯಾರದೆಂಬುದು ದೊಡ್ಡ ಗಂಟು. ಈಜಿಪ್ಟಿಗೆ ತನ್ನ ನೆಲ ಬೇಕು. ಇಸ್ರೇಲಿಗೆ ತನ್ನ ಗಡಿಯ ಪಕ್ಕ ಈಜಿಪ್ಟಿನ ಟ್ಯಾಂಕು ಬರಬಾರದು. ನೆಲ ಈಜಿಪ್ಟಿಗೆ, ಆದರೆ ಗಡಿಯ ಕಡೆ ಸೈನ್ಯ ಇಡುವಂತಿಲ್ಲ ಎಂಬ ದಾರಿ ಸಿಕ್ಕಿತು.

ಆದರೂ ಕೊನೆಯ ದಿನ ಬೇರೊಂದು ವಿಷಯಕ್ಕೆ ಮುನಿದು ಬೆಗಿನ್ ಸಹಿ ಹಾಕುವುದಿಲ್ಲವೆಂದು ಹೊರಟುನಿಂತರು. ಅವರು ತಮ್ಮ ಮೊಮ್ಮಕ್ಕಳಿಗಾಗಿ ಕಾರ್ಟರ್ ಸಹಿಯಿರುವ ಭಾವಚಿತ್ರಗಳನ್ನು ಕೇಳಿದ್ದರು. ಕಾರ್ಟರ್ ಬರಿ ಸಹಿ ಹಾಕಿ ಕಳಿಸಲಿಲ್ಲ. ಮೊಮ್ಮಕ್ಕಳ ಹೆಸರುಗಳನ್ನು ವಿಚಾರಿಸಿ ತರಿಸಿ, ಒಂದೊಂದು ಚಿತ್ರದ ಮೇಲೆ ಒಂದೊಂದು ಹೆಸರು ಬರೆದು, ತಾವೇ ಬೆಗಿನ್ ಕುಟೀರಕ್ಕೆ ಒಯ್ದು ಕೊಟ್ಟರು. ಎಂಟು ಮೊಮ್ಮಕ್ಕಳು. ಬೆಗಿನ್ ಒಂದೊಂದೇ ಹೆಸರು ಓದಿದರು, ಗಂಟಲು ಕಟ್ಟಿತು, ಆ ಮಕ್ಕಳ ಬಗ್ಗೆ ಮಾತಾಡಿದರು. ಆಮೇಲೆ ಮಾತುಕತೆಗೆ ಮತ್ತೆ ದಾರಿಯಾಯಿತು. ಅಂದೇ ಒಪ್ಪಂದದ ಚೌಕಟ್ಟಿಗೆ ಸಹಿ ಬಿತ್ತು. 1979ರ ಮಾರ್ಚ್ 26ರಂದು ಆದ ಶಾಂತಿ ಒಪ್ಪಂದ ಇಂದಿಗೂ ಉಳಿದಿದೆ.

ನಾನೂ ಮೊಮ್ಮಗಳಿಗೆ ಒಂದು ಹೆಸರು ಹೇಳಿಕೊಟ್ಟೆ. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. ಪಂಜಾಬ್ ಪ್ರಾಂತ್ಯ ಮೇಲೆ ಕಟ್ಟಲು ಹೊರಟ ಅಣೆಕಟ್ಟಿನಿಂದ ಕೆಳಗಿನ ಸಿಂಧ್ ಪ್ರಾಂತ್ಯಕ್ಕೆ ನೀರು ತಪ್ಪುತ್ತದೆಂಬ ದೂರು ಎದ್ದಾಗ, 1941ರಲ್ಲಿ ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರು. ನದಿ ಮೇಲಿನವರ ಸ್ವಂತವೂ ಅಲ್ಲ, ಮೊದಲು ಬಳಸಿದವರ ಸ್ವಂತವೂ ಅಲ್ಲ, ನ್ಯಾಯವಾಗಿ ಹಂಚಿಕೊಳ್ಳಬೇಕು ಎಂಬುದು ಆ ಆಯೋಗದ ನಿಲುವು. ಮುಂದೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. "ನಮ್ಮ ಕಡೆಯವರಾ?" ಎಂದು ಅವಳು ಎರಡು ಸಲ ಕೇಳಿದಳು.

ನಿಮ್ಮ ಮಕ್ಕಳಿಗೆ ಆಸೆ ಇದ್ದರೆ

ಓದುಗರಲ್ಲಿ ಕೆಲವರಿಗೆ ನಮ್ಮ ಮಕ್ಕಳನ್ನೂ ಕಳಿಸಬಹುದೇ ಎನಿಸಬಹುದು. ಲೆಕ್ಕದವನಾಗಿ ಕೆಲವು ಮಾತು ಹೇಳುತ್ತೇನೆ.

ಇದು ದುಬಾರಿ. ಒಂದೆರಡು ವಾರಕ್ಕೆ ಊಟ ವಸತಿ ಸೇರಿ ಮೂರು ಸಾವಿರದಿಂದ ಏಳು ಸಾವಿರ ಡಾಲರ್‌ವರೆಗೂ ಕೇಳುವ ಶಿಬಿರಗಳಿವೆ. ವಿಮಾನದ ಖರ್ಚು, ವೀಸಾ ಬೇರೆ. ಯೇಲ್ ವಿಶ್ವವಿದ್ಯಾಲಯದ 'ಯಂಗ್ ಗ್ಲೋಬಲ್ ಸ್ಕಾಲರ್ಸ್' ಶಿಬಿರದಂತೆ, ನಾನಾ ದೇಶದ ಮಕ್ಕಳನ್ನು ಸೇರಿಸಿಕೊಂಡು, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುವಂಥವೂ ಇವೆ. ಅರ್ಜಿ ಹಾಕುವಾಗಲೇ ನೆರವು ಕೇಳಬೇಕು, ನಾಚಿಕೆ ಬೇಡ.

ಇದಕ್ಕೆ ಹೋಗಿಬಂದರೆ ಆ ವಿಶ್ವವಿದ್ಯಾಲಯದಲ್ಲಿ ಮುಂದೆ ಸೀಟು ಸಿಕ್ಕಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಿಬಿರ ನಡೆಸುವವರು ವಿಶ್ವವಿದ್ಯಾಲಯದವರೋ, ಅಲ್ಲಿನ ಕಟ್ಟಡವನ್ನು ಬಾಡಿಗೆಗೆ ಪಡೆದ ಖಾಸಗಿ ಕಂಪನಿಯೋ ಎಂಬುದನ್ನು ಮೊದಲು ನೋಡಿ. ಹೆಸರು ನೋಡಿ ಸಾಲ ಮಾಡಬೇಡಿ. ಸಾಲದ ಅರ್ಜಿಗಳನ್ನು ಮೂವತ್ತೈದು ವರ್ಷ ನೋಡಿದವನ ಮಾತಿದು.

ಹಣವಿಲ್ಲದಿದ್ದರೂ ಈ ವಿದ್ಯೆ ಸಿಗುತ್ತದೆ. ನಮ್ಮ ಹಲವು ಶಾಲೆ ಕಾಲೇಜುಗಳಲ್ಲಿ ಅಣಕು ವಿಶ್ವಸಂಸ್ಥೆ ನಡೆಯುತ್ತದೆ. ನಿಮ್ಮ ಮಗುವಿಗೆ ಇಷ್ಟವಿಲ್ಲದ ದೇಶವನ್ನೇ ಆರಿಸಿಕೊಳ್ಳಲು ಹೇಳಿ. ಮನೆಯಲ್ಲೂ ಮಾಡಬಹುದು. ಭಾನುವಾರ ಪತ್ರಿಕೆಯಿಂದ ಒಂದು ಜಗಳ ಆರಿಸಿ. ಸಿಂಧೂ ನದಿಯದೇ ಇದೆ. ವಿಶ್ವಬ್ಯಾಂಕ್ ನಡುವೆ ನಿಂತು 1960ರಲ್ಲಿ ಮಾಡಿಸಿದ ಒಪ್ಪಂದ ಮೂರು ಯುದ್ಧಗಳನ್ನು ದಾಟಿ ಬಂತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತ ಅದನ್ನು ಅಮಾನತಿನಲ್ಲಿಟ್ಟಿದೆ. ಅಲ್ಲಿ ನಾವು ಮೇಲಿನವರು. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ ಕೂತು ವಾದಿಸಲಿ. ಅರ್ಧ ಗಂಟೆಯ ನಂತರ ಜಾಗ ಬದಲಿಸಲಿ. ಎದುರಿನವರ ಮಾತನ್ನು ಅವರೇ ಒಪ್ಪುವ ಹಾಗೆ ಹೇಳಿದ ಮೇಲಷ್ಟೇ ತನ್ನ ಮಾತು ಹೇಳಬೇಕೆಂದು ನಿಯಮ ಮಾಡಿ. ಎದುರಿನವರ ಮಾತು ಹೇಳಿದ ಮಾತ್ರಕ್ಕೆ ನಮ್ಮ ಪಾಲು ಬಿಟ್ಟುಕೊಟ್ಟಂತಲ್ಲ. ನನ್ನ ಗದ್ದೆಗೂ ನೀರು ಬೇಕೆಂದು ನಾನು ಈಗಲೂ ಹೇಳುತ್ತೇನೆ.

ಒಂದು ಫೋನು ನಾನೂ ಮಾಡಿದೆ

ಆಗಸ್ಟಿನಲ್ಲಿ ಊರಿಗೆ ಮರಳಿದೆವು. ಆ ವರ್ಷ ಮಳೆ ಚೆನ್ನಾಗಿತ್ತು. ಜುಲೈ ಕೊನೆಯ ಹೊತ್ತಿಗೆ ಕೆಆರ್‌ಎಸ್ ತುಂಬಿತ್ತು, ಮೆಟ್ಟೂರೂ ತುಂಬಿತ್ತು. ನಿವೃತ್ತ ನೌಕರರ ಸಂಘದವರನ್ನು ಹಿಡಿದು, ಅವರು ಇನ್ನೊಬ್ಬರನ್ನು ಹಿಡಿದು, ಎರಡು ವಾರದ ಮೇಲೆ ಕ್ಯಾಷಿಯರ್ ಗೆಳೆಯರ ನಂಬರು ಸಿಕ್ಕಿತು. ತಂಜಾವೂರಿನಲ್ಲಿದ್ದಾರೆ. ನನಗಿಂತ ಎರಡು ವರ್ಷ ದೊಡ್ಡವರು.

ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಹೆಸರು ಹೇಳಿದ ಕೂಡಲೇ ಅವರು ಗುರುತು ಹಿಡಿದರು. "ಏನ್ ಸಾರ್, ಪಿಂಚಣಿ ಪರಿಷ್ಕರಣೆ ಏನಾಯ್ತು ನಿಮ್ ಕಡೆ?" ಎಂದು ಶುರುಮಾಡಿದರು. ಹತ್ತು ನಿಮಿಷ ಅದೇ ಮಾತು. ಚೀಟಿ ಕೈಯಲ್ಲೇ ಉಳಿಯಿತು.

ಮಾತು ಮುಗಿಯುವ ಹೊತ್ತಿಗೆ ನಾನು ಧೈರ್ಯ ಮಾಡಿದೆ. "ಸಾರ್, ಆವತ್ತು ನಾನು ಬಸ್ ಸ್ಟ್ಯಾಂಡಿಗೆ ಬರಬೇಕಿತ್ತು" ಎಂದೆ. ಆ ಕಡೆ ಸದ್ದಿಲ್ಲ. ಲೈನು ಹೋಯಿತೇನೋ ಎಂದುಕೊಂಡೆ. "ನಾನೂ ಬಸ್ಸಿನ ಕಿಟಕಿಯಿಂದ ನೋಡ್ತಾ ಇದ್ದೆ ಸಾರ್, ನೀವು ಬರ್ತೀರೇನೋ ಅಂತ" ಎಂದರು.

ಮೂವತ್ತು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ನಿಮ್ಮ ತಂದೆಯವರಿಗೆ ಎಷ್ಟು ಜಮೀನಿತ್ತು, ಯಾವ ಕಾಲುವೆಯ ಕೆಳಗೆ? ಅವರು ಮುಕ್ಕಾಲು ಗಂಟೆ ಮಾತಾಡಿದರು. ಈಗ ಜೂನ್ ಬಂದರೆ ನಾನು ಪತ್ರಿಕೆಯಲ್ಲಿ ಎರಡು ಅಂಕಿ ನೋಡುತ್ತೇನೆ.